ಸದ್ದಿಲ್ಲದ ಹಳ್ಳಿದಾರಿ, ಹತ್ತಿರದ ಗುಡ್ಡ: ರೋಡ್ ಸೈಕಲ್‌ಗೆ ರೂಟ್ ಹುಡುಕೋದು ಹೇಗೆ?

ಹೊಸ ಚಕ್ರ:
ಎಲ್ಲರಿಗೂ ನಮಸ್ಕಾರ. ಸಮತಟ್ಟಿನಲ್ಲಿ ಎರಡು ಮೂರು ಗಂಟೆ ಆರಾಮಾಗಿ ತುಳಿಯುತ್ತೇನೆ. ಆದರೆ ಇದುವರೆಗೆ ಓಡಿಸಿದ್ದೆಲ್ಲ ದೊಡ್ಡ ರಸ್ತೆಯ ಅಂಚಿನಲ್ಲೇ. ಲಾರಿ, ಹಾರ್ನ್, ಧೂಳು ಸಾಕಾಗಿ ಹೋಗಿದೆ. ಹಳ್ಳಿಗಳ ನಡುವಿನ ಸಣ್ಣ ರಸ್ತೆ ಹಿಡಿದು, ಸುಮಾರು 20 ಕಿ.ಮೀ. ಆಚೆ ಇರುವ ಗುಡ್ಡ ಹತ್ತಿ, ಬೇರೆ ದಾರಿಯಲ್ಲಿ ವಾಪಸ್ ಬರಬೇಕು ಅಂತ ಆಸೆ. ಒಟ್ಟು 70 ಕಿ.ಮೀ. ಒಳಗಿರಲಿ. ಆಪ್‌ನಲ್ಲಿ ಹೊರಡುವ ಜಾಗ, ತಲುಪುವ ಜಾಗ ಕೊಟ್ಟರೆ ಅದು ಮತ್ತೆ ಅದೇ ಹೆದ್ದಾರಿಗೆ ತಂದು ನಿಲ್ಲಿಸುತ್ತದೆ. ನೀವೆಲ್ಲ ಹೇಗೆ ಹುಡುಕುತ್ತೀರಿ? ಸೈಕಲ್‌ನಲ್ಲಿ ಗೇರ್ ಹಲ್ಲುಗಳು ಮುಂದೆ 50/34, ಹಿಂದೆ 11-28 ಇವೆ.

ಏರುಗಾರ:
ಮೊದಲು ಗುಡ್ಡ ಆರಿಸಿಕೊಳ್ಳಿ. ಎಷ್ಟು ಉದ್ದ, ಎಷ್ಟು ಎತ್ತರ, ಸರಾಸರಿ ಏರು ಶೇಕಡ ಎಷ್ಟು (100 ಮೀಟರ್ ರಸ್ತೆಗೆ ಎಷ್ಟು ಮೀಟರ್ ಏರು), ಇಷ್ಟು ನೋಡಿದರೆ ಸಾಕು. ಸ್ಟ್ರಾವಾ ಆಪ್‌ನಲ್ಲಿ ಎಲ್ಲ ಸಿಗುತ್ತದೆ. ಆಮೇಲೆ ಅಲ್ಲಿಗೆ ಹೋಗುವ ದಾರಿ ಯಾವುದಾದರೂ ಆಗುತ್ತದೆ. ಜನ ಗುಡ್ಡ ಹತ್ತೋಕೆ ಹೋಗೋದು, ಅದಕ್ಕೆ ಮುಂಚಿನ 20 ಕಿ.ಮೀ. ವಾರ್ಮ್ ಅಪ್ ಅಷ್ಟೇ.

ನಿಧಾನವೇ ಪ್ರಧಾನ:
ಏರುಗಾರರೇ, ನಿಮ್ಮ ಮೇಲೆ ಪ್ರೀತಿ ಇದೆ, ಆದರೆ ಈ ಮಾತು ಒಪ್ಪುವುದಿಲ್ಲ. ಗುಡ್ಡ ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಹುಡುಕಬೇಕಾದದ್ದು ಅಲ್ಲಿಗೆ ಹೋಗುವ ದಾರಿಯನ್ನೇ. 70 ಕಿ.ಮೀ. ಸವಾರಿಯಲ್ಲಿ ಏರು ಎಂಟೋ ಹತ್ತೋ ಕಿ.ಮೀ. ಇರುತ್ತದೆ. ಉಳಿದ 60 ಕಿ.ಮೀ. ಹೇಗಿದೆ ಅನ್ನುವುದರ ಮೇಲೆಯೇ ಆ ದಿನ ಚೆನ್ನಾಗಿತ್ತೋ ಇಲ್ಲವೋ ತೀರ್ಮಾನವಾಗೋದು. ಗುಡ್ಡದ ಬುಡಕ್ಕೆ ತಲುಪುವಷ್ಟರಲ್ಲಿ ಲಾರಿಗಳಿಗೆ ಹೆದರಿ ಭುಜ, ಕತ್ತು ಬಿಗಿದುಕೊಂಡಿದ್ದರೆ ಏರಿನ ಸುಖ ಎಲ್ಲಿಂದ ಬರಬೇಕು?

ಹೊಸ ಚಕ್ರ ಅವರೇ, ಆಪ್ ನಿಮ್ಮನ್ನು ಹೆದ್ದಾರಿಗೆ ತರುವುದಕ್ಕೆ ಕಾರಣ ಸರಳ. ಅದಕ್ಕೆ ಬೇಕಾದದ್ದು ಕಡಿಮೆ ದೂರ ಅಥವಾ ಕಡಿಮೆ ಸಮಯ. ನಿಮಗೆ ಬೇಕಾದದ್ದು ಅದಲ್ಲ. ಹಾಗಾಗಿ ಎರಡು ತುದಿ ಕೊಟ್ಟು ಸುಮ್ನೆ ಕೂರಬೇಡಿ. ನಡುವೆ ಐದಾರು ಊರುಗಳ ಮೇಲೆ ಬಿಂದು ಇಟ್ಟು ಎಳೆಯಿರಿ. ಸಣ್ಣ ಊರಿನಿಂದ ಸಣ್ಣ ಊರಿಗೆ ಹೋಗುವ ರಸ್ತೆಗಳನ್ನು ಜೋಡಿಸುತ್ತಾ ಹೋಗಿ. ಪೇಟೆಯಿಂದ ಪೇಟೆಗೆ ನೇರ ಹೋಗುವ ರಸ್ತೆಯಲ್ಲಿ ವಾಹನ ಜಾಸ್ತಿ. ಎರಡು ಪೇಟೆಗಳ ನಡುವಿನ ನೇರ ಗೆರೆಗೆ ಅಡ್ಡಲಾಗಿ ಹಾಯುವ ರಸ್ತೆಯಲ್ಲಿ ಅಲ್ಲಿಯವರೇ ನಾಲ್ಕು ಜನ ಓಡಾಡುತ್ತಿರುತ್ತಾರೆ.

ನಕ್ಷೆಮರುಳ:
ಆಹಾ, ನನ್ನ ಇಷ್ಟದ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸೈಕಲ್ ಆಪ್‌ಗಳಲ್ಲಿ ಬಹುಪಾಲಿನವು ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಿಂತಿವೆ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ, ಜನರೇ ಸೇರಿ ಬರೆದ ನಕ್ಷೆ ಅದು. ಅದರಲ್ಲಿ ಪ್ರತಿ ರಸ್ತೆಗೂ ಒಂದು ದರ್ಜೆ ಇರುತ್ತದೆ. ಟ್ರಂಕ್, ಪ್ರೈಮರಿ ಅಂದರೆ ದೊಡ್ಡ ರಸ್ತೆ, ದೂರ ಇರಿ. ಸೆಕೆಂಡರಿ ಆದರೆ ನೋಡಿಕೊಂಡು ಹೋಗಿ. ನಮಗೆ ಬೇಕಾದ ಚಿನ್ನವೆಲ್ಲ ಇರೋದು ಟರ್ಶಿಯರಿ, ಅನ್‌ಕ್ಲಾಸಿಫೈಡ್ ಎಂಬ ಎರಡು ದರ್ಜೆಗಳಲ್ಲಿ, ಅಂದರೆ ಸಣ್ಣ ಊರುಗಳನ್ನು ಜೋಡಿಸುವ ರಸ್ತೆಗಳಲ್ಲಿ. ಆಪ್ ಬಿಟ್ಟು ಮೂಲ ನಕ್ಷೆಯನ್ನೇ ತೆರೆದರೆ ಬಣ್ಣ ಮತ್ತು ಗೆರೆಯ ದಪ್ಪದಲ್ಲೇ ಇದು ಗೊತ್ತಾಗುತ್ತದೆ. ಟ್ರ್ಯಾಕ್ ಅಂತ ಇದ್ದರೆ ಅದು ಹೊಲದ ದಾರಿ. 25 ಮಿ.ಮೀ. ಟೈರ್ ಹಾಕಿಕೊಂಡು ಅಲ್ಲಿಗೆ ಹೋಗಬೇಡಿ.

ಇನ್ನೊಂದು ವಿಷಯ, ಇದು ತುಂಬ ಜನಕ್ಕೆ ಗೊತ್ತಿರುವುದಿಲ್ಲ. ರಸ್ತೆಯ ಮೇಲ್ಮೈ ಡಾಂಬರೋ, ಜಲ್ಲಿಯೋ, ಮಣ್ಣೋ ಎಂದು ಬರೆಯಲು ನಕ್ಷೆಯಲ್ಲಿ ಬೇರೆ ಜಾಗ ಇದೆ. ಎಷ್ಟೋ ಹಳ್ಳಿರಸ್ತೆಗಳಿಗೆ ಅದನ್ನು ಯಾರೂ ತುಂಬಿರುವುದಿಲ್ಲ. ಖಾಲಿ ಇದ್ದರೆ ಡಾಂಬರು ಇರಬಹುದು ಅಂತ ಆಪ್ ಊಹಿಸಿಕೊಂಡುಬಿಡುತ್ತದೆ. ಆದ್ದರಿಂದ ರೂಟ್ ಎಳೆದ ಮೇಲೆ ಉಪಗ್ರಹ ಚಿತ್ರ ಹಾಕಿಕೊಂಡು ಒಂದು ಸಲ ಪೂರ್ತಿ ಕಣ್ಣಾಡಿಸಿ. ಡಾಂಬರು ಬೂದು ಬಣ್ಣದಲ್ಲಿ ಒಂದೇ ಸಮ ಕಾಣುತ್ತದೆ. ಮಣ್ಣಿನ ದಾರಿಯಲ್ಲಿ ಚಕ್ರದ ಎರಡು ಗೀರು, ನಡುವೆ ಹುಲ್ಲಿನ ಪಟ್ಟಿ ಕಾಣುತ್ತದೆ. ಹೀಟ್‌ಮ್ಯಾಪ್ (ಸವಾರರು ಓಡಿಸಿದ ದಾರಿಗಳೆಲ್ಲ ಗೆರೆಯಾಗಿ ಕಾಣುವ ನಕ್ಷೆ) ಕೂಡ ನೋಡಿ. ನಕ್ಷೆಯಲ್ಲಿ ಚಂದದ ರಸ್ತೆ ಇದ್ದು ಅದರ ಮೇಲೆ ಒಬ್ಬ ಸೈಕಲ್ ಸವಾರನ ಗೆರೆಯೂ ಇಲ್ಲ ಅಂದರೆ ಏನೋ ಕಾರಣ ಇರುತ್ತದೆ. ಸೇತುವೆ ಇಲ್ಲ, ಗೇಟ್ ಹಾಕಿದ್ದಾರೆ, ಇಲ್ಲಾ ರಸ್ತೆಯೇ ಇಲ್ಲ.

ಏರುಗಾರ:
ಹೀಟ್‌ಮ್ಯಾಪ್‌ನಲ್ಲಿ ದಪ್ಪ ಗೆರೆ ಇರುವ ದಾರಿಯಲ್ಲೇ ಹೋದರೆ ಮುಗೀತಲ್ಲ?

ನಕ್ಷೆಮರುಳ:
ಇಲ್ಲ ಸರ್. ದಪ್ಪ ಗೆರೆ ಹೇಳುವುದು “ಇಲ್ಲಿ ಜಾಸ್ತಿ ಜನ ತುಳಿದರು” ಅಂತ ಮಾತ್ರ. ಕೆಲಸಕ್ಕೆ ಹೋಗಿ ಬರುವವರ ಗೆರೆಯೂ ಅದರಲ್ಲಿದೆ, ರೇಸ್ ಗುಂಪಿನವರು ನಸುಕಿಗೆ ಹೆದ್ದಾರಿಯಲ್ಲಿ ಹೋದ ಗೆರೆಯೂ ಇದೆ. ನನಗೆ ಬೇಕಾಗುವುದು ತೆಳ್ಳಗಿನ ಗೆರೆ, ಆದರೆ ನಡುವೆ ಎಲ್ಲೂ ತುಂಡಾಗದ ಗೆರೆ. ಕೆಲವರೇ ಹೋಗಿದ್ದಾರೆ, ಹೋದವರು ಆ ಕಡೆಗೆ ದಾಟಿದ್ದಾರೆ ಎಂದು ಅರ್ಥ.

ಗಾಳಿಗೆದುರು:
ಇಬ್ಬರೂ ಹೇಳದ ಒಂದು ಗುಟ್ಟು ಹೇಳುತ್ತೇನೆ. ಹೊಸ ಹೆದ್ದಾರಿ ಎಲ್ಲಿ ಬಂದಿದೆಯೋ ಅದರ ಆಸುಪಾಸಿನಲ್ಲೇ ಹಳೇ ರಸ್ತೆ ಇರುತ್ತದೆ. ಹೊಸದು ಊರಾಚೆ ನೇರ ಹೋಗುತ್ತದೆ, ಹಳೆಯದು ಊರುಗಳ ಒಳಗೆ ಸುತ್ತಿಕೊಂಡು ಹೋಗುತ್ತದೆ. ಲಾರಿಗಳೆಲ್ಲ ಹೊಸದಕ್ಕೆ ಹೋದ ಮೇಲೆ ಹಳೆಯದು ಖಾಲಿ. ಮರದ ನೆರಳೂ ಅಲ್ಲೇ ಸಿಗೋದು. ಹಾಗೆಯೇ ನದಿಯ ಪಕ್ಕ ದೊಡ್ಡ ರಸ್ತೆ ಇದ್ದರೆ ಆಚೆ ದಡ ನೋಡಿ. ಎಷ್ಟೋ ಕಡೆ ಅಲ್ಲೊಂದು ಕಿರಿದಾದ ರಸ್ತೆ ಇರುತ್ತದೆ. ಕಾಲುವೆ ಏರಿಯ ದಾರಿ ಡಾಂಬರು ಕಂಡಿದ್ದರೆ ಇನ್ನೂ ಒಳ್ಳೆಯದು, ಏರಿಳಿತವೇ ಇರುವುದಿಲ್ಲ.

ಗುಡ್ಡದ ವಿಷಯದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಆ ರಸ್ತೆಯ ತುದಿಯಲ್ಲಿ ಏನಿದೆ? ಬರೀ ಟವರ್ ಇದ್ದರೆ ವಾಹನವೇ ಇಲ್ಲ. ಅಣೆಕಟ್ಟು, ವ್ಯೂ ಪಾಯಿಂಟ್ ಇದ್ದರೆ ರಜಾ ದಿನ ಕಾರುಗಳ ಸಾಲು. ಕಲ್ಲಿನ ಕ್ವಾರಿ ಇದ್ದರೆ ಕೆಲಸದ ದಿನ ಟಿಪ್ಪರ್‌ಗಳ ಕಾಟ, ಜೊತೆಗೆ ತಿರುವಿನಲ್ಲೆಲ್ಲ ಚೆಲ್ಲಿದ ಜಲ್ಲಿ. ಕ್ವಾರಿ ಉಪಗ್ರಹ ಚಿತ್ರದಲ್ಲಿ ಬಿಳೀ ಗಾಯದ ಹಾಗೆ ಎದ್ದು ಕಾಣುತ್ತದೆ, ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಏರುಗಾರ:
ಸರಿ, ತುದಿಯಲ್ಲಿ ಏನಿದೆ ಅನ್ನೋದು ಒಪ್ಪಿದೆ. ಟವರ್ ರಸ್ತೆಗಳು ನನಗೂ ಇಷ್ಟ. ಆದರೆ ಅವು ಕಡಿದಾಗಿರುತ್ತವೆ, ಹೊಸಬರಿಗೆ ಹೇಳಬೇಕಾದ ಮಾತು. ಜೀಪು ಹತ್ತಿದರೆ ಸಾಕು ಅಂತ ಮಾಡಿದ ರಸ್ತೆ ಅದು.

ನಿಧಾನವೇ ಪ್ರಧಾನ:
ಇದು ಬಹಳ ಒಳ್ಳೆಯ ಮಾತು. ಯಾರಿಗಾಗಿ ಕಟ್ಟಿದ ರಸ್ತೆ ಅನ್ನುವುದರಲ್ಲೇ ಅದರ ಗುಣ ಇರುತ್ತದೆ. ಇಟಲಿಯ ಸ್ಟೆಲ್ವಿಯೋ ಪಾಸ್ (ಬೆಟ್ಟಸಾಲು ದಾಟುವ ದಾರಿ) ನೋಡಿ. 1820ರಿಂದ 1825ರ ನಡುವೆ ಆಸ್ಟ್ರಿಯಾ ಸಾಮ್ರಾಜ್ಯ ಅದನ್ನು ಕಟ್ಟಿಸಿತು. ಎಂಜಿನಿಯರ್ ಕಾರ್ಲೋ ದೊನೆಗಾನಿ. ಆಗ ಹತ್ತಬೇಕಾಗಿದ್ದದ್ದು ಕುದುರೆ ಗಾಡಿ. ಹಾಗಾಗಿ 2,757 ಮೀಟರ್ ಎತ್ತರದ ಪಾಸ್ ಆದರೂ ಪ್ರಾಟೊ ಊರಿನ ಕಡೆಯಿಂದ 48 ಹೇರ್‌ಪಿನ್ ತಿರುವು (ಬಂದ ಕಡೆಗೇ ಮಡಚಿಕೊಳ್ಳುವ ತಿರುವು) ಹಾಕಿ ಏರನ್ನು ಹರಡಿದ್ದಾರೆ. ಸುಮಾರು 24 ಕಿ.ಮೀ. ಉದ್ದ, ಸರಾಸರಿ ಶೇ. 7ರ ಆಸುಪಾಸು. ಉದ್ದ ಇದೆ, ಚಳಿ ಇದೆ, ಆದರೆ ಒಂದು ಲಯ ಸಿಗುತ್ತದೆ. ಅದೇ ಕಾಲುದಾರಿಯ ಮೇಲೆ ನೇರವಾಗಿ ಡಾಂಬರು ಹಾಸಿದ ಹಳ್ಳಿ ಏರು ಎರಡೇ ಕಿ.ಮೀ. ಇದ್ದರೂ ಶೇ. 15 ದಾಟಿ ಉಸಿರು ಕಟ್ಟಿಸುತ್ತದೆ. ಹಳೇ ರೈಲು ಹಳಿ ತೆಗೆದು ಮಾಡಿದ ದಾರಿಗಳು ಇನ್ನೊಂದು ತುದಿ. ರೈಲು ಏರಬೇಕಿತ್ತಲ್ಲ, ಬಹಳ ಕಡೆ ಶೇ. 2, 3ಕ್ಕಿಂತ ಜಾಸ್ತಿ ಇರುವುದೇ ಇಲ್ಲ.

ನಕ್ಷೆಯಲ್ಲಿ ತಿರುವುಗಳು ಕಂಡರೆ ಹೆದರಬೇಡಿ. ತಿರುವು ಇಲ್ಲದೆ ಗುಡ್ಡದ ಮೇಲೆ ನೇರ ಹೋಗುವ ಗೆರೆ ಕಂಡರೆ ಹೆದರಿ.

ಹೊಸ ಚಕ್ರ:
ಇಷ್ಟೊಂದು ವಿಷಯ ಸಿಗುತ್ತದೆ ಅಂದುಕೊಂಡಿರಲಿಲ್ಲ. ನಾನು ನೋಡಿಟ್ಟ ಗುಡ್ಡ ಆಪ್ ಪ್ರಕಾರ 6 ಕಿ.ಮೀ., 300 ಮೀಟರ್ ಏರು, ಸರಾಸರಿ ಶೇ. 5. ಇದು ನನ್ನ ಕೈಲಿ ಆಗುತ್ತದೆ ಅಲ್ವಾ?

ನಕ್ಷೆಮರುಳ:
ಸರಾಸರಿಯನ್ನು ನಂಬಬೇಡಿ. 6 ಕಿ.ಮೀ.ಗೆ 300 ಮೀಟರ್ ಅಂದರೆ ಶೇ. 5 ಸರಿ. ಆದರೆ ನಡುವೆ ಒಂದು ಕಿ.ಮೀ. ರಸ್ತೆ 50 ಮೀಟರ್ ಕೆಳಗಿಳಿಯುತ್ತದೆ ಅಂದುಕೊಳ್ಳಿ. ಆಗ ಉಳಿದ 5 ಕಿ.ಮೀ.ನಲ್ಲಿ ನೀವು 350 ಮೀಟರ್ ಏರಬೇಕು. ಅದು ಶೇ. 7. ಪಟ್ಟಿಯಲ್ಲಿ ಮಾತ್ರ ಶೇ. 5 ಅಂತಲೇ ಇರುತ್ತದೆ. ಫ್ರಾನ್ಸಿನ ಮೋಂಟ್ ವೆಂಟೂ ಗೊತ್ತಲ್ಲ, ಬೆದುವಾ ಊರಿನ ಕಡೆಯಿಂದ ಸುಮಾರು 21 ಕಿ.ಮೀ., ಸರಾಸರಿ ಶೇ. 7.5. ಮೊದಲ ಐದಾರು ಕಿ.ಮೀ. ಹಗುರವಾಗಿ ಹೋಗುತ್ತದೆ. ಆಮೇಲೆ ಕಾಡು ಶುರುವಾದಾಗ ಶೇ. 9, 10 ಬಿಡದೆ ಬರುತ್ತದೆ. ಸರಾಸರಿ ನೋಡಿ ಮೊದಲಲ್ಲೇ ಜೋರಾಗಿ ತುಳಿದವರ ಕಥೆ ಕಾಡಿನಲ್ಲಿ ಮುಗಿಯುತ್ತದೆ.

ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇರುವ ನಕ್ಷೆ ತೆರೆದು ನೀವೇ ಎಣಿಸಿ. ಗೆರೆಗೆ ಗೆರೆಗೆ 20 ಮೀಟರ್ ಅಂತರ ಅಂತಿಟ್ಟುಕೊಳ್ಳಿ. ಒಂದು ಕಿ.ಮೀ. ರಸ್ತೆ ಐದು ಗೆರೆ ದಾಟಿದರೆ 100 ಮೀಟರ್ ಏರು, ಅಂದರೆ ಶೇ. 10. ರಸ್ತೆ ಗೆರೆಗಳ ಜೊತೆಜೊತೆಗೇ ಹೋಗುತ್ತಿದ್ದರೆ ಸಮತಟ್ಟು. ಗೆರೆಗಳನ್ನು ಅಡ್ಡ ಕತ್ತರಿಸುತ್ತಿದ್ದರೆ ಚಿಕ್ಕ ಗೇರ್ ರೆಡಿ ಇಟ್ಟುಕೊಳ್ಳಿ.

ಲಾಂಗ್ ರೂಟ್:
ಆಪ್ ತೋರಿಸುವ ಶೇ. 22, ಶೇ. 27 ಮುಂತಾದ ಭಯಂಕರ ಅಂಕಿಗಳನ್ನೂ ನಂಬಬೇಡಿ ಅಂತ ಸೇರಿಸಿ. ನನ್ನ ಆಪ್ ಪ್ರಕಾರ ನಾನು ಗೋಡೆ ಹತ್ತಿದ್ದೇನೆ.

ನಕ್ಷೆಮರುಳ:
ಹೌದು, ಅದಕ್ಕೂ ಕಾರಣ ಇದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಭೂಮಿಯ ಬಹುಪಾಲು ನೆಲದ ಎತ್ತರ ಅಳೆಯಿತು. ಈಗಲೂ ತುಂಬ ಕಡೆ ಆ ಅಂಕಿಗಳೇ ಬಳಕೆಯಲ್ಲಿವೆ. ಸುಮಾರು 30 ಮೀಟರಿಗೆ ಒಂದು ಬಿಂದು. ಗುಡ್ಡದ ಬದಿ ಕೊರೆದು ಮಾಡಿದ ಕಿರಿದಾದ ರಸ್ತೆ ಅದರ ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಬಂಡೆಯ ಎತ್ತರ, ಕೆಳಗಿನ ಕಣಿವೆಯ ಎತ್ತರ ಎಲ್ಲ ಕಲಸಿ ಬರುತ್ತದೆ. ದಟ್ಟ ಕಾಡಿನಲ್ಲಿ ಮರದ ತಲೆಯನ್ನೇ ನೆಲ ಅಂದುಕೊಳ್ಳುತ್ತದೆ. ಸೇತುವೆ ಮೇಲೆ ಹೋದರೆ ಹೊಳೆಗೆ ಇಳಿದು ಹತ್ತಿದ ಲೆಕ್ಕ. ಸುರಂಗದಲ್ಲಿ ಹೋದರೆ ಗುಡ್ಡದ ನೆತ್ತಿ ಹತ್ತಿದ ಲೆಕ್ಕ. ನೂರು ಮೀಟರಿನ ಏರಿಗೆ ಆಪ್ ಹೇಳುವ ಅಂಕಿ ಬಿಟ್ಟುಬಿಡಿ, ಒಂದು ಕಿ.ಮೀ. ಲೆಕ್ಕದಲ್ಲಿ ನೋಡಿದರೆ ಸುಮಾರು ಸರಿ ಇರುತ್ತದೆ.

ಚೈನ್ ಎಣ್ಣೆ:
ಗೇರ್ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ನಾನು ಬಂದೆ.

ಲೆಕ್ಕ ಹಾಕೋಣ. ಸವಾರ, ಸೈಕಲ್, ನೀರು ಎಲ್ಲ ಸೇರಿ 80 ಕಿಲೋ. ಶೇ. 8ರ ಏರಿನಲ್ಲಿ ಗಂಟೆಗೆ 10 ಕಿ.ಮೀ. ಹೋಗಬೇಕಾದರೆ ಭಾರ ಎತ್ತುವುದಕ್ಕೇ ಸುಮಾರು 175 ವ್ಯಾಟ್ ಬೇಕು. ಟೈರಿನ ಉಜ್ಜಾಟ, ಗಾಳಿ ಸೇರಿದರೆ 190. ಅದೇ ವೇಗದಲ್ಲಿ ಶೇ. 4ರ ಏರಿಗೆ 100 ವ್ಯಾಟ್ ಸಾಕು. ಈಗ ನೀವು ಬಿಡದೆ 150 ವ್ಯಾಟ್ ತುಳಿಯಬಲ್ಲಿರಿ ಅಂದುಕೊಳ್ಳಿ. ಶೇ. 8ರಲ್ಲಿ ನಿಮ್ಮ ವೇಗ ಗಂಟೆಗೆ 8 ಕಿ.ಮೀ.ಗಿಂತ ಚೂರು ಕಡಿಮೆ. ನಿಮ್ಮ ಈಗಿನ 34/28 ಗೇರ್‌ನಲ್ಲಿ ಆ ವೇಗಕ್ಕೆ ಪೆಡಲ್ ನಿಮಿಷಕ್ಕೆ ಸುಮಾರು 52 ಸುತ್ತು ಮಾತ್ರ ತಿರುಗುತ್ತದೆ. ಮಂಡಿಯ ಮೇಲೆ ಭಾರ ಬೀಳುತ್ತದೆ. ಹಿಂದೆ 34 ಹಲ್ಲು ಹಾಕಿದರೆ ಅದೇ ವೇಗಕ್ಕೆ 63 ಸುತ್ತು. ಅಷ್ಟೇ ಶಕ್ತಿ, ಅಷ್ಟೇ ವೇಗ, ಆದರೆ ಮಂಡಿ ಉಳಿಯುತ್ತದೆ.

ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಬದಲಿಸುವ ಮುಂಚೆ ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಷ್ಟು ಹಲ್ಲಿನವರೆಗೆ ತಡೆದುಕೊಳ್ಳುತ್ತದೆ ನೋಡಿ. ಚೈನ್ ಕೂಡ ಉದ್ದದ್ದು ಬೇಕಾಗಬಹುದು. ಹಗುರವಾದ ಚಕ್ರ, ಕಾರ್ಬನ್ ಬಾಟಲ್ ಕೇಜ್ ಅಂತ ದುಡ್ಡು ಸುರಿಯುವ ಮುಂಚೆ ಇದನ್ನು ಮಾಡಿ. ಒಂದು ಕಿಲೋ ಭಾರ ಇಳಿಸಿದರೆ ಒಂದು ಗಂಟೆಯ ಏರಿನಲ್ಲಿ ಉಳಿಯುವುದು ಮುಕ್ಕಾಲು ನಿಮಿಷ. ಸರಿಯಾದ ಗೇರ್ ಇಲ್ಲದಿದ್ದರೆ ಇಳಿದು ತಳ್ಳಬೇಕು.

ಏರುಗಾರ:
34 ಹಲ್ಲು ಹಾಕಿಕೊಂಡರೆ ಅದೇನು ರೋಡ್ ಬೈಕಾ? 28ರಲ್ಲೇ ನಿಂತು ತುಳಿದರೆ ಕಾಲು ಗಟ್ಟಿಯಾಗುತ್ತದೆ.

ಚೈನ್ ಎಣ್ಣೆ:
ಈ ಜಗಳ ನೂರು ವರ್ಷ ಹಳೆಯದು ಗುರುಗಳೇ. ವೆಲೋಸಿಯೋ ಎಂಬ ಹೆಸರಲ್ಲಿ ಬರೆಯುತ್ತಿದ್ದ ಫ್ರಾನ್ಸಿನ ಪಾಲ್ ದ ವಿವೀ ಜೀವಮಾನವೆಲ್ಲ ಗುಡ್ಡ ಹತ್ತಲು ಹಲವು ಗೇರ್ ಬೇಕು ಅಂತ ಹೇಳುತ್ತಲೇ ಇದ್ದರು. ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಶುರುಮಾಡಿದ ಆಂರಿ ದೆಗ್ರಾಂಜ್ ಗಂಡಸಿಗೆ ಗೇರ್ ಯಾಕೆ ಅನ್ನುವ ಕಡೆಯವರು. 1903ರಲ್ಲಿ ಶುರುವಾದ ಟೂರ್‌ನಲ್ಲಿ ಡಿರೇಲರ್‌ಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಗೆದ್ದವರು ಯಾರು ಅಂತ ನಿಮ್ಮ ಸೈಕಲ್ಲನ್ನೇ ಬಗ್ಗಿ ನೋಡಿ.

ಏರುಗಾರ:
😄 ಆಯ್ತು, ಸೋತೆ. ಆದರೂ ನನ್ನದು 28 ಹಲ್ಲಿನದ್ದೇ.

ಲಾಂಗ್ ರೂಟ್:
ಹೊಸ ಚಕ್ರ ಅವರಿಗೆ ಇನ್ನೊಂದು ಮಾತು. ಎಲ್ಲರೂ ಗುಡ್ಡದ ಬಗ್ಗೆ ಮಾತಾಡುತ್ತಿದ್ದಾರೆ. ಅದಕ್ಕಿಂತ ಜಾಸ್ತಿ ಸುಸ್ತು ಮಾಡುವುದು ಹಳ್ಳಿರಸ್ತೆಯ ಸಣ್ಣ ಸಣ್ಣ ಉಬ್ಬುಗಳು. ಹೆದ್ದಾರಿಯವರು ದಿಬ್ಬ ಕಡಿದು, ತಗ್ಗು ತುಂಬಿ ಮಟ್ಟ ಮಾಡಿರುತ್ತಾರೆ. ಹಳ್ಳಿರಸ್ತೆ ನೆಲ ಹೇಗಿದೆಯೋ ಹಾಗೆಯೇ ಹೋಗುತ್ತದೆ. ಪ್ರತಿ ಹಳ್ಳಕ್ಕೂ ಇಳಿಯುತ್ತದೆ, ಪ್ರತಿ ದಿಬ್ಬಕ್ಕೂ ಏರುತ್ತದೆ. 1891ರಲ್ಲಿ ಮೊದಲು ನಡೆದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ ಈಗಲೂ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಸುಮಾರು 1,200 ಕಿ.ಮೀ., 90 ಗಂಟೆ ಗಡುವು. ಆ ದಾರಿಯಲ್ಲಿ ದೊಡ್ಡ ಪರ್ವತವೇ ಇಲ್ಲ. ಆದರೂ ಒಟ್ಟು ಏರು 11,000 ಮೀಟರ್ ದಾಟುತ್ತದೆ. ಎಲ್ಲ ಸಣ್ಣ ಉಬ್ಬುಗಳದ್ದೇ ಲೆಕ್ಕ.

ನನ್ನ ಅಳತೆ ಇದು. ಪ್ರತಿ ಕಿ.ಮೀ.ಗೆ 5 ಮೀಟರ್ ಏರು ಇದ್ದರೆ ಸಮತಟ್ಟು ಅಂತಲೇ ಅನ್ನಿ. 10 ಮೀಟರ್ ಅಂದರೆ ಏರಿಳಿತ ಚೆನ್ನಾಗಿದೆ. 20 ಮೀಟರ್ ಆದರೆ ಅದು ಬೆಟ್ಟದ ದಿನ, ಬೇರೆ ಏನೂ ಕೆಲಸ ಇಟ್ಟುಕೊಳ್ಳಬೇಡಿ. ನಿಮ್ಮ 70 ಕಿ.ಮೀ.ಗೆ 700 ಮೀಟರ್ ಒಳಗೆ ಇರಲಿ ಅಂತ ನನ್ನ ಸಲಹೆ. ಗುಡ್ಡಕ್ಕೇ 350 ಹೋಯಿತು. ಉಳಿದ 350ನ್ನು ದಾರಿಯ ಉಬ್ಬುಗಳೇ ತಿಂದು ಹಾಕುತ್ತವೆ, ನೋಡ್ತಾ ಇರಿ.

ಗಾಳಿಗೆದುರು:
ಗಾಳಿ ಬಗ್ಗೆ ಹೇಳದೆ ಹೋದರೆ ನನ್ನ ಹೆಸರಿಗೇ ಅವಮಾನ.

ಹೋಗುವಾಗ ಎದುರುಗಾಳಿ, ಬರುವಾಗ ಹಿಂದಿನ ಗಾಳಿ, ಎರಡೂ ಸಮ ಆಗುತ್ತದೆ ಅನ್ನುವುದು ಸುಳ್ಳು. 30 ಕಿ.ಮೀ. ಹೋಗುವಾಗ ಗಂಟೆಗೆ 20ರಂತೆ, ಬರುವಾಗ 35ರಂತೆ ಬಂದರೆ ಸರಾಸರಿ 27.5 ಅಲ್ಲ, 25.5. ಯಾಕೆಂದರೆ ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಜಾಸ್ತಿ. ಜೊತೆಗೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಆದ್ದರಿಂದ ಕಾಲು ಹೊಸದಾಗಿರುವಾಗಲೇ ಎದುರುಗಾಳಿ ಮುಗಿಸಿಕೊಳ್ಳಿ. ಲೂಪ್ ಅಂದರೆ ಸುತ್ತಿ ಬರುವ ದಾರಿ, ಯಾವ ದಿಕ್ಕಿಗೂ ಸುತ್ತಬಹುದು. ಹಿಂದಿನ ರಾತ್ರಿ ಗಾಳಿ ಯಾವ ಕಡೆಯಿಂದ ಅಂತ ನೋಡಿ ದಿಕ್ಕು ತೀರ್ಮಾನಿಸಿ.

ಗುಡ್ಡದ ಹತ್ತಿರ ಗಾಳಿಗೆ ಬೇರೆಯೇ ವೇಳಾಪಟ್ಟಿ ಇದೆ. ಬಿಸಿಲು ಏರಿದಂತೆ ಇಳಿಜಾರಿನ ನೆಲ ಕಾದು ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ. ರಾತ್ರಿ ನೆಲ ತಣ್ಣಗಾಗಿ ಕೆಳಕ್ಕೆ ಹರಿಯುತ್ತದೆ. ಬೆಳಗ್ಗೆ ಬೇಗ ಎರಡೂ ಇರುವುದಿಲ್ಲ, ಗಾಳಿ ಸತ್ತಿರುತ್ತದೆ. ಮಧ್ಯಾಹ್ನ ಕಣಿವೆಯಲ್ಲಿ ಇಳಿದು ಬಂದರೆ ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ. ಬೇಜಾರಾಗುತ್ತದೆ ನೋಡಿ ಆಗ.

ಇನ್ನೊಂದು, ಯಾರೂ ಯೋಚಿಸದ ವಿಷಯ ಸೂರ್ಯ. ಬೆಳಗಿನ ಹೊತ್ತು ನೇರ ಪೂರ್ವಕ್ಕೆ ಹೋಗುವ ರಸ್ತೆಯಲ್ಲಿ ನಿಮ್ಮ ಕಣ್ಣಿಗೆ ಮಾತ್ರ ಬಿಸಿಲು ಹೊಡೆಯುವುದಿಲ್ಲ. ನಿಮ್ಮ ಹಿಂದೆ ಬರುವ ಕಾರಿನವನ ಕಣ್ಣಿಗೂ ಹೊಡೆಯುತ್ತದೆ. ಅವನಿಗೆ ನೀವು ಕಾಣುವುದೇ ಇಲ್ಲ. ಅಂಥ ತುಂಡು ಇದ್ದರೆ ಅದನ್ನು ಲೂಪಿನ ಕೊನೆಗೆ, ಸೂರ್ಯ ಮೇಲೆ ಬಂದ ಮೇಲೆ ಇಟ್ಟುಕೊಳ್ಳಿ.

ಹೊಸ ಚಕ್ರ:
ಮೇಡಂ, ಹಾಗಾದರೆ ಗುಡ್ಡವನ್ನು ಲೂಪಿನ ಮೊದಲಿಗೆ ಇಡಬೇಕಾ, ಕೊನೆಗಾ?

ನಿಧಾನವೇ ಪ್ರಧಾನ:
ನಾನು ನಡುವಿಗಿಂತ ಸ್ವಲ್ಪ ಮೊದಲು ಇಡುತ್ತೇನೆ. ಮೊದಲ 20 ಕಿ.ಮೀ.ನಲ್ಲಿ ಕಾಲು ಬಿಸಿಯಾಗಿರುತ್ತದೆ. ಗುಡ್ಡ ಮುಗಿದಾಗ ಇನ್ನೂ ಬಿಸಿಲು ಏರಿರುವುದಿಲ್ಲ. ಮನೆಗೆ ಬರುವ ಉದ್ದನೆಯ ದಾರಿಗೆ ಮೈ ಸಡಿಲವಾಗಿರುತ್ತದೆ. ಗುಡ್ಡ ಕೊನೆಗಿದ್ದರೆ ಸುಸ್ತಾದ ಕೈಯಲ್ಲಿ ಬ್ರೇಕ್ ಹಿಡಿದು ಇಳಿಯಬೇಕು. ಅದು ನನಗೆ ಸೇರದು.

ಇನ್ನೊಂದು ಆಯ್ಕೆ ಇರುತ್ತದೆ. ಗುಡ್ಡಕ್ಕೆ ಎರಡು ಕಡೆಯಿಂದ ರಸ್ತೆ ಇದ್ದರೆ ಕಡಿದಾದ ಕಡೆಯಿಂದ ಹತ್ತಿ, ಹಗುರವಾದ, ಅಗಲವಾದ ಕಡೆಯಿಂದ ಇಳಿಯಿರಿ. ಕಡಿದಾದ ಏರಿನಲ್ಲಿ ವೇಗ ಕಡಿಮೆ, ಗುಂಡಿ ಬಂದರೂ ತಪ್ಪಿಸಬಹುದು. ಅದೇ ರಸ್ತೆಯಲ್ಲಿ ಇಳಿಯುವಾಗ ಗುಂಡಿ ನೋಡುವಷ್ಟರಲ್ಲಿ ಅದರ ಒಳಗಿರುತ್ತೀರಿ.

ಏರುಗಾರ:
ಇದನ್ನು ಪೂರ್ತಿ ಒಪ್ಪುತ್ತೇನೆ. ಹತ್ತುವಾಗ ಒಂದು ಚಿಕ್ಕ ಉಪಾಯ: ಹೇರ್‌ಪಿನ್‌ನಲ್ಲಿ ಒಳ ಅಂಚು ತುಂಬ ಕಡಿದು. ಹೊರ ಅಂಚು ಉದ್ದ, ಹಾಗಾಗಿ ಹಗುರ. ಎದುರಿಗೆ ವಾಹನ ಇಲ್ಲ ಅಂತ ಖಾತ್ರಿಯಾಗಿ ಕಂಡರೆ ಮಾತ್ರ ಹೊರಗಿನಿಂದ ಸುತ್ತಿ, ಅಲ್ಲೇ ಉಸಿರು ತಗೊಳ್ಳಿ. ಫ್ರಾನ್ಸಿನ ಆಲ್ಪ್ ದ್ಯುಯೇಝ್‌ನ 21 ತಿರುವುಗಳಲ್ಲಿ ಸವಾರರು ಕಾಯುವುದು ಈ ಚೂರು ವಿರಾಮಕ್ಕೇ. 13.8 ಕಿ.ಮೀ.ಗೆ ಸರಾಸರಿ ಶೇ. 8.1, ಅದರಲ್ಲೂ ಮೊದಲ ಎರಡು ಕಿ.ಮೀ.ಯೇ ಕಷ್ಟದ್ದು. ಬುಡದಲ್ಲಿ ಹುಮ್ಮಸ್ಸು ತೋರಿಸಿದವರಿಗೆ ಮೇಲೆ ಪಾಠ.

ಚೈನ್ ಎಣ್ಣೆ:
ಇಳಿಜಾರಿನ ಮಾತು ಬಂತಲ್ಲ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ನೋಡಿಕೊಂಡೇ ಹೊರಡಿ. ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಹಿಡಿಯುವ ಬ್ರೇಕ್) ಆಗಿದ್ದರೆ ಇಳಿಯುವಾಗ ಉದ್ದಕ್ಕೂ ಸಣ್ಣಗೆ ಒತ್ತಿ ಹಿಡಿಯಬೇಡಿ. ರಿಮ್ ಬಿಸಿಯಾಗುತ್ತದೆ, ಟ್ಯೂಬ್ ಸಿಡಿಯುವ ಅಪಾಯ ಇದೆ. ತಿರುವಿಗೆ ಮುಂಚೆ ನೇರ ರಸ್ತೆಯಲ್ಲೇ ಜೋರಾಗಿ ಒತ್ತಿ ವೇಗ ಇಳಿಸಿ, ತಿರುವಿನ ಒಳಗೆ ಬಿಟ್ಟುಬಿಡಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. 30ರಲ್ಲಿ ನಿಂತ ಧೈರ್ಯದಲ್ಲಿ 60ಕ್ಕೆ ಹೋಗಬೇಡಿ. ಸೊಂಟ ಹಿಂದಕ್ಕೆ, ಕೈ ಡ್ರಾಪ್ಸ್ (ಹ್ಯಾಂಡಲಿನ ಕೆಳಕ್ಕೆ ಬಾಗಿದ ಭಾಗ) ಮೇಲೆ, ಕಣ್ಣು ಮುಂದಿನ ತಿರುವಿನ ಕಡೆಗೆ.

ಟೈರ್ ವಿಷಯ: ಫ್ರೇಮ್‌ನಲ್ಲಿ ಜಾಗ ಇದ್ದರೆ 28 ಮಿ.ಮೀ. ಹಾಕಿ, 32 ಹಿಡಿಸಿದರೆ ಇನ್ನೂ ಒಳ್ಳೆಯದು. ಹಳ್ಳಿರಸ್ತೆಗೆ ಗಾಳಿ ಕಮ್ಮಿ ತುಂಬಿಸಿ. ಕಲ್ಲಿನಂತೆ ಗಟ್ಟಿ ಟೈರ್ ಒರಟು ರಸ್ತೆಯಲ್ಲಿ ವೇಗ ಅನ್ನಿಸುತ್ತದೆ, ನಿಜಕ್ಕೂ ಅಲ್ಲ. ಪ್ರತಿ ಉಬ್ಬಿಗೂ ಸೈಕಲ್ ಎಗರುತ್ತಿದ್ದರೆ ಶಕ್ತಿ ಮೇಲಕ್ಕೆ ಹೋಗುತ್ತದೆಯೇ ಹೊರತು ಮುಂದಕ್ಕಲ್ಲ.

ಗಾಳಿಗೆದುರು:
ಮತ್ತೆ ಜೇಬಿನಲ್ಲಿ ಒಂದು ತೆಳು ಜಾಕೆಟ್ ಇರಲಿ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6.5 ಡಿಗ್ರಿ ತಂಪು. ನಿಮ್ಮ ಗುಡ್ಡ ಅಷ್ಟೆತ್ತರ ಇಲ್ಲ ನಿಜ. ಆದರೆ ಹತ್ತುವಾಗ ಬೆವರಿ ಒದ್ದೆಯಾದ ಅಂಗಿಯಲ್ಲಿ 50ರ ವೇಗದ ಗಾಳಿಗೆ ಎದೆ ಕೊಟ್ಟರೆ ಬೆರಳು ಮರಗಟ್ಟಿ ಬ್ರೇಕೇ ಸಿಗುವುದಿಲ್ಲ.

ಲಾಂಗ್ ರೂಟ್:
ನಾಯಿಗಳ ಬಗ್ಗೆ ಯಾರಾದರೂ ಹೇಳಿ 🙂

ನಿಧಾನವೇ ಪ್ರಧಾನ:
ಒಂಟಿ ಮನೆ, ತೋಟದ ಗೇಟ್ ಹತ್ತಿರ ನಿಧಾನ ಮಾಡಿ, ಜೋರಾಗಿ ಮಾತಾಡಿ. ಓಡುವುದನ್ನು ಕಂಡರೆ ಅಟ್ಟುತ್ತವೆ. ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆದರೆ ಬಹುಪಾಲು ನಾಯಿಗಳಿಗೆ ಆಸಕ್ತಿಯೇ ಹೋಗುತ್ತದೆ. ಒದೆಯಲು ಕಾಲೆತ್ತಬೇಡಿ, ಬೀಳೋದು ನೀವೇ.

ಹೊಸ ಚಕ್ರ:
ಎರಡು ದಿನ ನಕ್ಷೆಯ ಮುಂದೆ ಕೂತು ಒಂದು ಕರಡು ಮಾಡಿದ್ದೇನೆ. ಹೆದ್ದಾರಿಯನ್ನು ಒಂದೇ ಕಡೆ ದಾಟಬೇಕು, ಅದೂ ಕೆಳಸೇತುವೆಯಲ್ಲಿ. ಆಮೇಲೆ ಐದು ಸಣ್ಣ ಊರುಗಳ ಮೂಲಕ ಗುಡ್ಡದ ಬುಡ, 22 ಕಿ.ಮೀ. ಕಾಂಟೂರ್ ಎಣಿಸಿದೆ. ನಕ್ಷೆಮರುಳ ಅವರು ಹೇಳಿದ್ದು ನಿಜ, ನಡುವೆ ನಿಜವಾಗಲೂ ಒಂದು ಇಳಿತ ಇದೆ. ಕೊನೆಯ ಎರಡು ಕಿ.ಮೀ. ಸುಮಾರು ಶೇ. 8 ಬರುತ್ತದೆ. ಮೇಲೆ ಟವರ್ ಮಾತ್ರ ಇದೆ. ಇಳಿಯಲು ಆಚೆ ಬದಿಗೆ ಅಗಲವಾದ ರಸ್ತೆ. ಅಲ್ಲಿಂದ ಕಾಲುವೆ ಏರಿ ಹಿಡಿದು 35 ಕಿ.ಮೀ. ವಾಪಸ್. ಒಟ್ಟು 66 ಕಿ.ಮೀ., 640 ಮೀಟರ್ ಏರು. ಆಚೆ ಬದಿಯ ಬುಡದಲ್ಲಿ ಒಂದು ಬಿಳೀ ಗಾಯ ಕಾಣಿಸುತ್ತಿದೆ. ಅದೇ ಒಂದು ಅನುಮಾನ.

ಗಾಳಿಗೆದುರು:
ಕ್ವಾರಿಯೇ ಇರಬೇಕು. ಅದರಿಂದ ಟಿಪ್ಪರ್ ಯಾವ ಕಡೆ ಹೋಗುತ್ತದೆ ಅಂತ ನೋಡಿ. ಗೇಟಿನಿಂದ ಎರಡೂ ಕಡೆಯ ರಸ್ತೆಯ ಬಣ್ಣ ಹೋಲಿಸಿ. ಧೂಳಿನಿಂದ ಬೆಳ್ಳಗಾದ ಕಡೆ ಅವುಗಳ ದಾರಿ. ಅದು ನಿಮ್ಮ ಕಾಲುವೆಯ ಕಡೆಗೇ ಇದ್ದರೆ ರಜಾ ದಿನ ಹೋಗಿ. ಇಲ್ಲಾಂದ್ರೆ ಯಾವ ದಿನವಾದರೂ ಆಗುತ್ತದೆ.

ನಕ್ಷೆಮರುಳ:
ಕಾಲುವೆ ಏರಿಯ 35 ಕಿ.ಮೀ. ಪೂರ್ತಿ ಡಾಂಬರಾ? ಅಲ್ಲೇ ನನ್ನ ಸಂಶಯ. ಉಪಗ್ರಹ ಚಿತ್ರ ತೆಗೆದ ತಿಂಗಳು, ವರ್ಷ ನೋಡಿದ್ರಾ? ಹಳೇ ಚಿತ್ರ ಆಗಿದ್ದರೆ ಈಗ ರಸ್ತೆ ಹೊಸದಾಗಿರಬಹುದು, ಅಗೆದೂ ಇರಬಹುದು.

ಲಾಂಗ್ ರೂಟ್:
ಅದಕ್ಕೆ ಕಾಲುವೆಯಿಂದ ಊರಿನ ಕಡೆಗೆ ತಪ್ಪಿಸಿಕೊಳ್ಳುವ ಅಡ್ಡರಸ್ತೆಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ರೂಟ್ ಇರುವ ಜಿಪಿಎಕ್ಸ್ ಫೈಲ್ ಫೋನಿನಲ್ಲೂ ಇಳಿಸಿಕೊಳ್ಳಿ, ಆ ಜಾಗದ ನಕ್ಷೆ ಆಫ್‌ಲೈನ್ ಇರಲಿ. ಗುಡ್ಡದ ಹಿಂದೆ ಸಿಗ್ನಲ್ ಇರೋದಿಲ್ಲ. ನೀರು ಎರಡು ಬಾಟಲ್. ಒಂದೂವರೆ ಗಂಟೆ ದಾಟಿದ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಲಿ, ಗುಡ್ಡದ ಬುಡದಲ್ಲಿ ಅಲ್ಲ, ಅದಕ್ಕೆ ಅರ್ಧ ಗಂಟೆ ಮುಂಚೆ.

ಹೊಸ ಚಕ್ರ:
ಚಿತ್ರ ಎರಡು ವರ್ಷ ಹಳೆಯದು. ಕಾಲುವೆಯಲ್ಲಿ ಕೊನೆಯ 6 ಕಿ.ಮೀ. ಸ್ವಲ್ಪ ಅನುಮಾನದ ಬಣ್ಣ. ಅಲ್ಲಿಂದ ಊರಿಗೆ ಬರುವ ಎರಡು ಅಡ್ಡರಸ್ತೆ ಗುರುತು ಮಾಡಿದೆ. ಕ್ವಾರಿಯ ಧೂಳು ಹೆದ್ದಾರಿಯ ಕಡೆಗೆ ಇದೆ, ನನ್ನ ಕಡೆ ಇಲ್ಲ. ಹಿಂದಿನ ಡಿರೇಲರ್ 34 ಹಲ್ಲಿನವರೆಗೆ ತಡೆಯುತ್ತದಂತೆ, ಕ್ಯಾಸೆಟ್ ಬದಲಿಸುತ್ತಿದ್ದೇನೆ. ಕ್ಷಮಿಸಿ ಏರುಗಾರ ಸರ್.

ಏರುಗಾರ:
ಕ್ಷಮಿಸಿದ್ದೇನೆ. ಆ ಟವರ್ ರಸ್ತೆಯ ಫೈಲ್ ಇಲ್ಲಿ ಹಾಕಿ, ಮೊದಲು ಹಾಕಿದವರದೇ ದಾಖಲೆ.

ನಿಧಾನವೇ ಪ್ರಧಾನ:
ಫೈಲ್ ಹಾಕುವಾಗ ನಿಮ್ಮ ಮನೆಯಿಂದ ಶುರುವಾಗುವ ಮೊದಲ ಒಂದೆರಡು ಕಿ.ಮೀ. ಕತ್ತರಿಸಿ ಹಾಕಿ. ಮನೆ ಎಲ್ಲಿ, ಸೈಕಲ್ ಎಲ್ಲಿ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತಾಗಬೇಕಿಲ್ಲ. ಮತ್ತೆ ಆ 6 ಕಿ.ಮೀ. ಹೇಗಿತ್ತು ಅಂತ ಬಂದ ಮೇಲೆ ಬರೆಯಿರಿ. ಡಾಂಬರಾಗಿದ್ದರೆ ನಕ್ಷೆಯಲ್ಲಿ ಮೇಲ್ಮೈ ಕಾಲಂ ನಾನೇ ತುಂಬುತ್ತೇನೆ.